ಯಾರ ಮಗುವಿನ ಗಿಲಕಿ

ನಮ್ಮ ಕಡೆ ಆಸ್ಪತ್ರೆಯ ದಿನ ವ್ಯಾನು ಹತ್ತುವ ಹೆಂಗಸರ ಚೀಲದಲ್ಲಿ ಹತ್ತಿ ಇದ್ದೇ ಇರುತ್ತದೆ. ಗಾಯಕ್ಕಲ್ಲ, ದೀಪಕ್ಕಲ್ಲ. ಎಚ್‌ಐವಿಯ ಗುಳಿಗೆ ಕೊಡುವುದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ತಿಂಗಳ ಗುಳಿಗೆಯೆಲ್ಲ ಅದರೊಳಗೆ ಸಡಿಲವಾಗಿ ಬಿದ್ದಿರುತ್ತದೆ. ನಮ್ಮ ಗುಡ್ಡದ ರಸ್ತೆಯಲ್ಲಿ ವ್ಯಾನು ಒಂದು ಗುಂಡಿಗೆ ಇಳಿದು ಎದ್ದರೆ ಸಾಕು, ಗಿಲಗಿಲ ಎಂದು ಊರಿಗೆಲ್ಲ ಸಾರಿಬಿಡುತ್ತದೆ. ಅದಕ್ಕೇ ಆಸ್ಪತ್ರೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತು ಎಲ್ಲರೂ ಡಬ್ಬಿಗೆ ಹತ್ತಿ ತುರುಕುತ್ತಾರೆ. ಹತ್ತಿ ಇಲ್ಲದವರು ಮಗುವಿನ ಕಾಲುಚೀಲ ತುರುಕುತ್ತಾರೆ.

ಈ ವಿದ್ಯೆ ಅವರಿಗೆ ಕಲಿಸಿದವನು ನನ್ನ ತಮ್ಮ ಫಲಾಖೆ. ವ್ಯಾನು ಅವನದು. ಹಿಂದಿನಿಂದ ಸಣ್ಣ ಸದ್ದು ಬಂದರೂ ರೇಡಿಯೋ ತಗ್ಗಿಸಿ, ಕನ್ನಡಿಯಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿ ಕೂಗುತ್ತಿದ್ದ.

“ಯಾರ್ ಮಗೂದು ಗಿಲಕಿ ಅದು? ಪಾಪ, ಮಗು ಅಳ್ತಿದೆ, ಇನ್ನೂ ಜೋರಾಗ್ ಅಲ್ಲಾಡ್ಸ್ರಮ್ಮ!”

ಗಂಡಸರು ಹೋ ಎಂದು ನಗುತ್ತಿದ್ದರು. ಹೆಂಗಸರು ಕಿಟಕಿಯಾಚೆ ಇಲ್ಲದ ದನಗಳನ್ನು ನೋಡುತ್ತಿದ್ದರು. ಒಮ್ಮೆ ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಈ ಮಾತಿಗೆ ಅಲ್ಲೇ ವ್ಯಾನಿನಿಂದ ಇಳಿದು, ಬಿಸಿಲಲ್ಲಿ ಗುಡ್ಡ ಹತ್ತಿ ನಡೆದುಹೋದಳು. ಆ ಮದುವೆ ಆಗಲಿಲ್ಲ. ನನ್ನ ತಮ್ಮ ಅದನ್ನೂ ತಮಾಷೆಯ ಕಥೆ ಮಾಡಿಕೊಂಡು ಹೇಳುತ್ತಿದ್ದ.

ನಾನು ಮಾತ್ರ ಹತ್ತಿ ಇಟ್ಟವಳಲ್ಲ. ಗಂಡನ ಮನೆ ಬಿಟ್ಟು ತೌರಿಗೆ ವಾಪಸು ಬರುವಾಗ ನನ್ನ ಜೊತೆ ಬಂದ ಆಸ್ತಿ ಈ ರೋಗ ಒಂದೇ. ಅದನ್ನೂ ಮುಚ್ಚಿಟ್ಟುಕೊಂಡರೆ ನನ್ನದು ಅಂತ ಏನು ಉಳಿಯಿತು? “ನಂದೇ ಕಣೋ ಗಿಲಕಿ, ಬಾ, ನಿನ್ ತೊಟ್ಲೂ ತೂಗ್ತೀನಿ” ಎಂದರೆ ಫಲಾಖೆ ತೆಪ್ಪಗೆ ಗೇರು ಬದಲಿಸುತ್ತಿದ್ದ. ನಮ್ಮಮ್ಮನಿಗೂ ನನ್ನ ಗುಳಿಗೆಯ ವಿಷಯ ಗೊತ್ತಿತ್ತು. “ನನ್ ಮಗಳು ಅಪ್ಪಟ ಚಿನ್ನ, ಆ ಹಾಳಾದ ಅಳಿಯ ತಂದು ಹತ್ತಿಸಿದ” ಎಂದು ಚರ್ಚಿನಲ್ಲೂ ಹೇಳಿಕೊಂಡು ಅತ್ತಿದ್ದಳು. ಆಗ ನಾನು ಅಮ್ಮನನ್ನು ನ್ಯಾಯವಂತೆ ಎಂದುಕೊಂಡಿದ್ದೆ.

ಫಲಾಖೆಯ ಹೆಂಡತಿ ಮಾಸಿಬಿಯಾ. ಸಿಬಿಯಾ ಮನೆತನದ ಮಗಳು, ಅದಕ್ಕೆ ಮಾಸಿಬಿಯಾ. ಸೊಸೆಯನ್ನು ಹುಟ್ಟುಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. ಗಂಡನ ಮನೆಯ ಹಿರಿಯರ ಮುಂದೆ ಅವಳು ಕಣ್ಣೆತ್ತುವಂತಿಲ್ಲ, ಎದುರು ಮಾತಾಡುವಂತೆಯೂ ಇಲ್ಲ. ಇದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಬಸುರಿಯಾಗಿದ್ದಾಗ ರಕ್ತ ಪರೀಕ್ಷೆಯಲ್ಲಿ ರೋಗ ಇರುವುದು ಗೊತ್ತಾಯಿತು. ಅಂದೇ ಗುಳಿಗೆ ಶುರು ಮಾಡಿದಳು. ಮಗಳು ಅನೆಲೆ ಒಂದಿಷ್ಟೂ ರೋಗವಿಲ್ಲದೆ ಹುಟ್ಟಿದಳು. ಗಂಡನನ್ನೂ ಕರೆದುಕೊಂಡು ಬಾ ಎಂದು ನರ್ಸ್ ಗುಮೆಡೆ ಹೇಳಿಕಳಿಸಿದರೆ, “ಆ ಕೆಲ್ಸ ಇಲ್ದೋರ ಸಾಲಲ್ಲಿ ನಿಂತ್ರೆ ವ್ಯಾನ್ ಯಾರ್ ಓಡಿಸ್ತಾರೆ?” ಎಂದು ಇವನು ಹೊರಟುಹೋದ. ಗಣಿ ಕೆಲಸ ಬಿಟ್ಟು ಊರಿಗೆ ಬಂದಾಗಲೇ ಅವನು ರಾತ್ರಿಯಿಡೀ ಬೆವರುತ್ತಿದ್ದ, ಕೆಮ್ಮುತ್ತಿದ್ದ. ಮಾಸಿಬಿಯಾ ಆಗಿನ್ನೂ ನಮ್ಮ ಮನೆ ಹೊಸ್ತಿಲು ತುಳಿದಿರಲಿಲ್ಲ.

ಒಂದು ಬೆಳಗ್ಗೆ ಸಕ್ಕರೆ ಕೇಳಲು ಅಂಗಳದಾಚೆಯ ಅವರ ಅಡುಗೆಮನೆಗೆ ಹೋದೆ. ಫಲಾಖೆ ಟೀ ಕುಡಿಯುತ್ತ ಕೂತಿದ್ದ. ಮಾಸಿಬಿಯಾ ಬಂದು ಅವನ ಟೀ ಕಪ್ಪಿನ ಬಸಿಯಲ್ಲಿ ಒಂದು ಗುಳಿಗೆ ಇಟ್ಟು, ಬೆನ್ನು ತಿರುಗಿಸಿ ಒಲೆ ಹತ್ತಿರ ಹೋದಳು. ಅವನು ಬಾಗಿಲಾಚೆ ನೋಡುತ್ತ, ಕೈ ಮಾತ್ರ ಬಸಿಗೆ ಹಾಕಿ, ಗುಳಿಗೆ ಬಾಯಿಗೆಸೆದುಕೊಂಡು ಟೀ ಕುಡಿದ. ಪಕ್ಕದಲ್ಲಿ ಅನೆಲೆ ಗಂಜಿ ತಿನ್ನುತ್ತಿದ್ದಳು. ಆ ಗುಳಿಗೆ ನಾನು ದಿನಾ ನುಂಗುವಂಥದೇ. ನನಗೆ ಗುರುತು ಸಿಗದೆ ಇರುತ್ತದೆಯೇ?

ಮುಂದಿನ ಆಸ್ಪತ್ರೆಯ ದಿನ ಸಾಲಿನಲ್ಲಿ ಅವಳು ನನ್ನ ಮುಂದೆಯೇ ಇದ್ದಳು. ನರ್ಸ್ ಗುಮೆಡೆ ರಕ್ತದ ವರದಿ ನೋಡಿ ಕಿಡಿಕಿಡಿಯಾದರು. ಅವರ ಗಂಟಲು ಗೊತ್ತಲ್ಲ, ಹೊರಗೆ ಕಟ್ಟಿದ್ದ ಆಡೂ ಕಿವಿ ನಿಮಿರಿಸಿತು.

“ಹೋದ್ ಸಲ ವೈರಸ್ಸು ಕಾಣ್ತಾನೇ ಇರ್ಲಿಲ್ಲ. ಈಗ ಜಾತ್ರೆ ಸೇರಿದೆ! ಗುಳಿಗೆ ಏನ್ ಮಾಡ್ತೀಯಮ್ಮ? ಕೋಳಿಗೆ ಹಾಕ್ತೀಯಾ?”

“ತಿಂತೀನಿ, ಸಿಸ್ಟರ್.”

“ಸುಳ್ಳು ಹೇಳ್ಬೇಡ! ರಕ್ತ ಸುಳ್ಳು ಹೇಳಲ್ಲ!”

ಆಮೇಲೆ ಅವಳನ್ನು ಗೋಡೆಯ ಹಿಂದೆ ಎಳೆದುಕೊಂಡು ಹೋಗಿ ಕೇಳಿದೆ. ಡಬ್ಬಿಗೆ ಹತ್ತಿ ತುರುಕುತ್ತಲೇ ಹೇಳಿದಳು. ಒಂದು ದಿನದ್ದು ಗಂಡನಿಗೆ, ಒಂದು ದಿನದ್ದು ತನಗೆ. ಅವನು ಕೆಮ್ಮಿ ಕೆಮ್ಮಿ ನೆಲ ಹಿಡಿದಿದ್ದಾಗ ಶುರು ಮಾಡಿದ್ದು. ಆಮೇಲೆ ಅವನು ಎದ್ದು ಓಡಾಡಿದ, ನಿಲ್ಲಿಸಲು ಧೈರ್ಯ ಬರಲಿಲ್ಲ. ಇತ್ತೀಚೆಗೆ ಒಂದು ದಿನ ಬಸಿಯಲ್ಲಿ ಗುಳಿಗೆ ಇಲ್ಲದಿದ್ದರೆ ಟೀ ಮುಟ್ಟದೆ ಕೂರುತ್ತಾನಂತೆ. ಹಾಗಾಗಿ ಅವಳ ಪಾಲೇ ಕಡಿಮೆಯಾಗುತ್ತಾ ಬಂದಿತ್ತು.

“ನಿಂಗೇನ್ ತಲೆ ಕೆಟ್ಟಿದ್ಯಾ? ಒಬ್ರಿಗ್ ಕೊಟ್ಟಿದ್ದನ್ನ ಇಬ್ರು ಹಂಚ್ಕೊಂಡ್ರೆ ಇಬ್ರಿಗೂ ಕೆಲ್ಸಕ್ ಬರಲ್ಲ. ಅವನನ್ನೇ ಎಳ್ಕೊಂಡ್ ಬಂದು ಸಾಲಲ್ಲಿ ನಿಲ್ಸು.”

“ಅಕ್ಕಾ, ಅವ್ರು ಇನ್ನೂ ಆ ಗುಳಿಗೇನ ಗುಳಿಗೆ ಅಂತ್ಲೂ ಒಪ್ಕೊಂಡಿಲ್ಲ. ಸಾಲಲ್ಲಿ ಎಲ್ಲಿ ನಿಲ್ತಾರೆ?”

ನಾನು ನೆಟ್ಟಗೆ ತಮ್ಮನ ಹತ್ತಿರ ಹೋದೆ. ವ್ಯಾನು ತೊಳೆಯುತ್ತಿದ್ದ.

“ಲೋ, ಹೆಂಡ್ತಿ ಜೀವ ತಿಂತಿದೀಯ. ನಾಳೆ ಆಸ್ಪತ್ರೆಗೆ ಬಾ, ನಿನ್ನದೇ ಡಬ್ಬಿ ಕೊಡ್ತಾರೆ.”

“ಯಾವ್ ಡಬ್ಬಿ?”

“ಬಸೀಲಿ ದಿನಾ ಏನೋ ನುಂಗೋದು ನೀನು?”

“ಅದಾ? ಬಲದ ಗುಳಿಗೆ. ಅವ್ಳು ಕೊಡ್ತಾಳೆ, ನಾನ್ ತಿಂತೀನಿ. ಗಂಡಸು ಹೆಂಡ್ತಿ ಕೊಟ್ಟಿದ್ದನ್ನೆಲ್ಲ ಏನು ಏನು ಅಂತ ಕೇಳ್ತಾ ಕೂತ್ಕೋತಾನಾ?” ಎಂದು ನನ್ನ ಕಾಲಿಗೇ ಬಕೆಟ್ಟಿನ ನೀರು ಚೆಲ್ಲಿದ.

ಚಳಿಗಾಲದ ಹೊತ್ತಿಗೆ ಮಾಸಿಬಿಯಾ ಕಡ್ಡಿಯಾದಳು. ತುಟಿಯಲ್ಲಿ ಹುಣ್ಣು, ಕುತ್ತಿಗೆಯಲ್ಲಿ ಗಂಟು. ಅವಳ ಪಾಲಿನ ಗುಳಿಗೆ ತಿಂದ ನನ್ನ ತಮ್ಮನ ಕೆನ್ನೆ ಮಾತ್ರ ಮಿರಿಮಿರಿ ಮಿಂಚುತ್ತಿತ್ತು. ಅಮ್ಮನಿಗೆ ಅನುಮಾನ ಬಂದು ಒಂದು ಮಧ್ಯಾಹ್ನ ಸೊಸೆ ನೀರಿಗೆ ಹೋದಾಗ ಅವಳ ಮನೆ ಜಾಲಾಡಿದಳು. ಜೋಳದ ಹಿಟ್ಟಿನ ಡಬ್ಬದ ತಳದಲ್ಲಿ ಗುಳಿಗೆ ಡಬ್ಬಿ ಸಿಕ್ಕಿತು.

ಭಾನುವಾರ ಹಿರಿಯರ ಗುಂಡು ಗುಡಿಸಲಿನಲ್ಲಿ ಕುಟುಂಬದ ಸಭೆ ಸೇರಿತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಚಾಪೆಯ ಮೇಲೆ. ಮಧ್ಯದಲ್ಲಿ ಹಿಟ್ಟು ಮೆತ್ತಿದ ಬಿಳಿ ಡಬ್ಬಿ. ಸತ್ತ ಹಾವನ್ನು ನೋಡುವ ಹಾಗೆ ಎಲ್ಲರೂ ಅದನ್ನು ನೋಡುತ್ತಿದ್ದರು.

“ಈ ಕಾಯ್ಲೇನ ನಮ್ಮನೆಗೆ ತಂದೋಳು ಇವ್ಳೇ,” ಎಂದಳು ಅಮ್ಮ. “ನನ್ ಮಗನ್ನ ತಿಂದ್ ಹಾಕೋಕ್ ಮುಂಚೆ ಅವಳಪ್ಪನ ಮನೆಗೆ ಅಟ್ಟಿ.”

“ಅಮ್ಮಾ, ನಂಗ್ ಬಂದಾಗ ಅಳಿಯನ ತಪ್ಪು,” ಎಂದೆ. “ಇಲ್ಲಿ ಸೊಸೆ ತಪ್ಪಾ? ನಿನ್ ಹೊಟ್ಟೇಲಿ ಹುಟ್ಟಿದೋರೆಲ್ಲ ದೇವ್ರಾ?”

“ನೀನ್ ಮುಚ್ಚು ಬಾಯಿ!”

ದೊಡ್ಡಪ್ಪ ಮೂಗಿಗೆ ನಶ್ಯ ಏರಿಸಿ, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಒಳ್ಳೆಯ ಮನುಷ್ಯರೇ. ಆದರೆ ಒಳ್ಳೆಯತನ ಅವರಲ್ಲಿ ಊಟದ ಹೊತ್ತಿನವರೆಗೆ ಮಾತ್ರ ಇರುತ್ತಿತ್ತು.

“ಫಲಾಖೆ, ಈ ಡಬ್ಬಿ ವಿಷ್ಯ ನಿಂಗೊತ್ತಿತ್ತೇನಪ್ಪ?”

ಅವನು ‘ಗೊತ್ತಿತ್ತು’ ಎಂದರೆ ಸಾಕಿತ್ತು. ‘ನಾನೂ ತಿಂತೀನಿ’ ಎಂದರೆ ಇನ್ನೂ ಚೆನ್ನ. ಹೆಂಡತಿ ಮನೆಯಲ್ಲಿರುತ್ತಿದ್ದಳು, ಮಗು ತಾಯಿಯ ಹತ್ತಿರ ಇರುತ್ತಿತ್ತು, ಅವನಿಗೂ ಗುಳಿಗೆ ಸಿಗುತ್ತಿತ್ತು. ಮಾಸಿಬಿಯಾ ನೆಲ ನೋಡುತ್ತಾ ಕೂತಿದ್ದವಳು, ಮದುವೆಯಾದ ಮೇಲೆ ಮೊದಲ ಸಲ ಹಿರಿಯರ ಮುಂದೆ ಕಣ್ಣೆತ್ತಿ ಗಂಡನನ್ನೇ ನೋಡಿದಳು.

“ಗೊತ್ತಿಲ್ಲ, ದೊಡ್ಡಪ್ಪ,” ಎಂದ ನನ್ನ ತಮ್ಮ.

“ನಿಂಗೇನಾದ್ರೂ...”

“ನನ್ ಮುಖ ನೋಡಿ ಹೇಳಿ, ಕಾಯ್ಲೆ ಬಿದ್ದೋನ್ ತರ ಇದೀನಾ?”

“ಅವ್ಳ ಗುಳಿಗೆ ತಿಂದು ಬೆಳೆಸ್ಕೊಂಡಿರೋ ಮುಖ ಅದು!” ಎಂದು ನಾನು ಎದ್ದು ನಿಂತೆ. “ದಿನಾ ಬೆಳಗ್ಗೆ ಟೀ ಜೊತೆ ನುಂಗ್ತಾನೆ. ನಾನೇ ನೋಡಿದೀನಿ!”

“ಗಂಡನ್ ಮನೇಲಿ ಬಾಳಲಾರ್ದೋಳು ತಮ್ಮನ್ ಮನೆ ಮುರೀತಿದಾಳೆ,” ಎಂದಳು ಅಮ್ಮ. ಇಬ್ಬರು ಚಿಕ್ಕಮ್ಮಂದಿರು ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದರು. ದೊಡ್ಡಪ್ಪ ಮಾಸಿಬಿಯಾಳನ್ನು ಕೇಳುತ್ತಿದ್ದುದು ಹೊರಗೂ ಕೇಳಿಸಿತು: “ನಿಜ ಏನಮ್ಮ?”

“ಅವ್ರನ್ನೇ ಕೇಳಿ, ಮಾವ,” ಎಂದಳು. ಅವರು ಅವನನ್ನೇ ಕೇಳಿದರು. ಅವನು ಅದೇ ಉತ್ತರ ಕೊಟ್ಟ. ಅಡುಗೆಯ ಕಡೆಯಿಂದ ಮಾಂಸದ ವಾಸನೆ ಬರತೊಡಗಿತ್ತು, ಸಭೆ ಮುಗಿಯಿತು.

ಮದುವೆಗೆಂದು ಹೆಣ್ಣಿನ ಮನೆಗೆ ಕೊಡಬೇಕಾದ ತೆರದ ದನ ಪೂರ್ತಿ ಸಂದಿತ್ತಾದ್ದರಿಂದ ಮಗು ನಮ್ಮ ಮನೆಯದು ಎಂದು ತೀರ್ಮಾನವಾಯಿತು. ಮಾಸಿಬಿಯಾ ಒಂದು ಕಂಬಳಿ, ಒಂದು ಡಬ್ಬಿ ತೆಗೆದುಕೊಂಡು ಹೊರಟಳು. ಹೊಳೆಯಾಚೆಯ ಅವಳ ತೌರಿಗೆ ಹೋಗಲು ಇರುವುದು ಒಂದೇ ವ್ಯಾನು, ನನ್ನ ತಮ್ಮನದು. ಅಮ್ಮ ಅನೆಲೆಯನ್ನು ಸೊಂಟಕ್ಕೆ ಒತ್ತಿ ಹಿಡಿದು ಅಂಗಳದಲ್ಲೇ ನಿಂತಳು. ಮಗು ಉಸಿರುಕಟ್ಟಿ ಕಿರುಚುತ್ತಿತ್ತು. ನಾನು ಮಾಸಿಬಿಯಾಳ ಜೊತೆ ಹತ್ತಿದೆ. ವ್ಯಾನು ರಸ್ತೆಗೆ ಇಳಿದ ಮೇಲೆ ಅವಳು ಡಬ್ಬಿ ತೆಗೆದು, ಹತ್ತಿ ಕಿತ್ತು, ಕಿಟಕಿಯಿಂದ ಹೊರಗೆಸೆದಳು. ಮೊದಲ ಗುಂಡಿಗೇ ಗಿಲಗಿಲ ಎಂದಿತು. ಊರವರು ತುಂಬಿ ಕೂತಿದ್ದರು. ಎಲ್ಲರಿಗೂ ವಿಷಯ ಗೊತ್ತಿತ್ತು, ಎಲ್ಲರೂ ಡ್ರೈವರನ ಬೆನ್ನನ್ನೇ ನೋಡುತ್ತಿದ್ದರು.

“ಯಾರ್ ಮಗೂದು ಗಿಲಕಿ ಅದು?” ಎಂದು ಕೂಗಿದ ಫಲಾಖೆ. ದನಿ ಸ್ವಲ್ಪವೂ ನಡುಗಲಿಲ್ಲ. ಅಂಥ ನಾಲಗೆಯನ್ನು ಯಾವ ನಾಯಿಗೆ ಹಾಕಿದರೂ ಮೂಸುತ್ತಿರಲಿಲ್ಲ.

ಮಾಸಿಬಿಯಾ ತೌರಿನಲ್ಲಿ ತನ್ನ ಪಾಲಿನ ಗುಳಿಗೆಯನ್ನೆಲ್ಲ ತಾನೇ ತಿಂದಳು. ನರ್ಸ್ ಗುಮೆಡೆಗೆ ನಿಜ ಹೇಳಿದಳಂತೆ. ಅವರು ಬೈಯಲಿಲ್ಲ, ಪಕ್ಕಕ್ಕೆ ಕರೆದು ಟೀ ಕೊಟ್ಟರು. ತಿಂಗಳುಗಳು ಕಳೆದಂತೆ ತುಟಿಯ ಹುಣ್ಣು ಮಾಯಿತು, ಮೈ ತುಂಬಿಕೊಂಡಿತು, ರಕ್ತದಲ್ಲಿ ವೈರಸ್ಸು ಮತ್ತೆ ಅಡಗಿತು.

ಇಲ್ಲಿ ಬಸಿ ಖಾಲಿ. ಮೊದಮೊದಲು ಫಲಾಖೆ ಅಮ್ಮ ಕೊಟ್ಟ ಟೀ ಕುಡಿದು ಜೋರಾಗಿಯೇ ಇದ್ದ. ಆಮೇಲೆ ಕೆಮ್ಮು ವಾಪಸು ಬಂತು. ಸಂತೆಯಿಂದ ಬೆಳ್ಳುಳ್ಳಿ ಕಷಾಯ ತಂದು ಕುಡಿದ. ಯಾವನೋ ಕೊಟ್ಟ ಬೇರಿನ ನೀರು ಕುಡಿದು ಎರಡು ದಿನ ವಾಂತಿ ಮಾಡಿದ. ಬೆಲ್ಟಿಗೆ ಹೊಸ ತೂತು ಕೊರೆದುಕೊಂಡ. ಒಂದು ಸಂಜೆ ನನ್ನ ಬಾಗಿಲಿಗೆ ಬಂದು ನಿಂತ.

“ಅಕ್ಕಾ, ನಿನ್ ಹತ್ರ ಆ... ಬಲದ ಗುಳಿಗೆ ಇದ್ಯಾ?”

“ನಂದು ನಂಗೇ ಬೇಕು. ನಾಳೆ ಬಾ, ನಿನ್ ಜೊತೆ ನಾನೂ ಸಾಲಲ್ಲಿ ನಿಲ್ತೀನಿ. ಕೈ ಹಿಡ್ಕೊಂಡ್ ನಿಲ್ತೀನಿ ಬೇಕಾದ್ರೆ.”

“ಆ ಸಾಲಲ್ಲಾ? ನನ್ ವ್ಯಾನಿನ್ ಹೆಂಗಸ್ರ ಮಧ್ಯದಲ್ಲಾ?” ಅವನ ಕಣ್ಣಲ್ಲಿ ಆ ದಿನ ನಾನು ನೋಡಿದ್ದು ಹೆದರಿಕೆ. ಸಾವಿನದಲ್ಲ, ನಗುವಿನದು. “ಅವ್ರು ನನ್ನ ಏನಂತಾರೆ ಗೊತ್ತಾ?”

“ಗೊತ್ತು. ನೀನೇ ಕಲಿಸ್ಕೊಟ್ಟಿದೀಯಲ್ಲ.”

“ಬೇರೆ ಊರಿಗ್ ಹೋಗೋಣ ಅಂದ್ರೆ ನನ್ ವ್ಯಾನು ಗೊತ್ತಿಲ್ದಿರೋ ಊರೇ ಇಲ್ಲ, ಅಕ್ಕಾ.” ಹಾಗೆ ಹೇಳಿ ಕತ್ತಲಲ್ಲಿ ಕೆಮ್ಮುತ್ತಾ ಹೋದ. ನನಗೆ ಕರುಳು ಕಿತ್ತು ಬಂತು. ಸಿಟ್ಟೂ ಬಂತು. ಸಿಟ್ಟೇ ಜಾಸ್ತಿ ಬಂತು.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಆಸ್ಪತ್ರೆಯ ದಿನ ನಮ್ಮನ್ನೆಲ್ಲ ಹತ್ತಿಸಿಕೊಂಡು, ಅನೆಲೆಯನ್ನು ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂರಿಸಿ, ದಾರಿಯಲ್ಲಿ ಸಿಬಿಯಾರ ಮನೆಯ ಗೇಟಿನ ಮುಂದೆ ವ್ಯಾನು ನಿಲ್ಲಿಸಿದ. ಮಗುವನ್ನು ಎತ್ತಿಕೊಂಡು ಇಳಿದ. ನಮ್ಮ ಪದ್ಧತಿಯಲ್ಲಿ ಹೆಣ್ಣಿನ ಮನೆಗೆ ಬಂದವನು ನೇರ ಒಳಗೆ ನುಗ್ಗುವಂತಿಲ್ಲ. ಗೇಟಿನ ಹೊರಗೆ ನಿಂತು, ಆ ಮನೆತನದ ಹಿರಿಯರ ಹೆಸರು ಹೊಗಳಿ, ತಾನು ಬಂದ ಕಾರಣವನ್ನು ಕೂಗಿ ಹೇಳಬೇಕು. ಒಳಗಿನವರಿಗೆ ಒಪ್ಪಿಗೆಯಾಗುವವರೆಗೆ ಕೂಗುತ್ತಲೇ ಇರಬೇಕು. ಅಕ್ಕಪಕ್ಕದವರು ಬೇಲಿಗೆ ಬಂದು ನಿಂತು ಕೇಳುತ್ತಾರೆ, ಕೇಳಲೆಂದೇ ಕೂಗುವುದು.

ಅವನು ಹಿರಿಯರನ್ನೆಲ್ಲ ಹೊಗಳಿದ. ನಡುನಡುವೆ ಕೆಮ್ಮಿದ.

“ಏನಕ್ ಬಂದೆ?” ಎಂದು ಒಳಗಿನಿಂದ ಮಾಸಿಬಿಯಾಳ ಅಪ್ಪ ಕೇಳಿದರು.

“ಹೆಂಡ್ತಿ ಕರ್ಕೊಂಡ್ ಹೋಗಕ್ ಬಂದಿದೀನಿ!”

“ಓಡ್ಸಿದ್ ಹೆಂಡ್ತಿ ಈಗ ಯಾಕ್ ಬೇಕಾಯ್ತು? ಕೇಳಿಸ್ತಿಲ್ಲ, ಜೋರಾಗ್ ಹೇಳು!”

“ಮಗು ಅಳುತ್ತೆ!”

“ಅಷ್ಟೇನಾ?”

ಬೇಲಿಗಳ ಮೇಲೆ ತಲೆಗಳು ಮೂಡಿದವು. ವ್ಯಾನಿನ ಕಿಟಕಿಗಳಲ್ಲಿ ಅವನ ಹೆಂಗಸರೆಲ್ಲ ತಲೆ ಹೊರಗೆ ಹಾಕಿದ್ದರು. ಫಲಾಖೆ ಒಮ್ಮೆ ಹಿಂತಿರುಗಿ ನೋಡಿ, ಬಾಯಿ ಮುಚ್ಚಿದ.

ಮಾಸಿಬಿಯಾ ತಾನೇ ಹೊರಗೆ ಬಂದಳು. ಗೇಟನ್ನು ಮಗು ತೂರುವಷ್ಟು ತೆರೆದಳು. ಅನೆಲೆ ಅಪ್ಪನ ಕೈಯಿಂದ ಜಾರಿ ಒಳಗೆ ಓಡಿ ತಾಯಿಯ ಕಾಲು ತಬ್ಬಿಕೊಂಡಳು. ಮಾಸಿಬಿಯಾ ಒಂದು ಕೈಯಲ್ಲಿ ಮಗಳ ತಲೆ ಹಿಡಿದು, ಇನ್ನೊಂದರಲ್ಲಿ ಲಂಗದ ಜೇಬಿನಿಂದ ಡಬ್ಬಿ ತೆಗೆದು ಗಂಡನ ಮುಖದ ಮುಂದೆ ಅಲ್ಲಾಡಿಸಿದಳು.

“ಯಾರ್ ಮಗೂದು ಗಿಲಕಿ ಇದು?”

ಯಾರೂ ನಗಲಿಲ್ಲ.

“ನಂದು ಅಂತ ಒಂದ್ ಮಾತು ಹೇಳಿ. ಈಗ್ಲೇ ನಿಮ್ ಜೊತೆ ವ್ಯಾನ್ ಹತ್ತಿ ಆಸ್ಪತ್ರೆಗ್ ಬರ್ತೀನಿ. ನರ್ಸಮ್ಮ ಕಾಯ್ತಿದಾರೆ, ನಿಮ್ಗೇ ಒಂದ್ ಡಬ್ಬಿ ಕೊಡ್ತಾರೆ. ಆಮೇಲೆ ನಿಮ್ ಮನೆಗೂ ಬರ್ತೀನಿ. ಇದು ಯಾರ್ದು, ಅನೆಲೆ ಅಪ್ಪ?”

ನಾನು ಸೀಟಿನ ಅಂಚಿಗೆ ಬಂದು ಕೂತಿದ್ದೆ. ಹೇಳೋ ಮೂರ್ಖ, ಹೇಳೋ, ಎಂದು ಒಳಗೊಳಗೇ ಕಿರುಚುತ್ತಿದ್ದೆ.

“ಗೊತ್ತಿಲ್ಲ,” ಎಂದ ಫಲಾಖೆ.

ಅವಳು ಡಬ್ಬಿಯಿಂದ ಒಂದೇ ಒಂದು ಗುಳಿಗೆ ತೆಗೆದು ಗೇಟಿನ ಕಂಬದ ಮೇಲಿಟ್ಟಳು. “ಇದು ಇವತ್ತಿಂದು. ಇಷ್ಟ್ ವರ್ಷ ಒಂದೇ ಮನೇಲಿ ಟೀ ಕುಡ್ದ ಋಣಕ್ಕೆ. ನಾಳೆದಕ್ಕೆ ಸಾಲಲ್ಲಿ ನಿಂತ್ಕೊಳ್ಳಿ,” ಎಂದು ಗೇಟು ಹಾಕಿಕೊಂಡು ಮಗಳನ್ನು ಎತ್ತಿ ಒಳಗೆ ಹೋದಳು. ಅಷ್ಟು ಜನ ನೋಡುತ್ತಿರುವಾಗ ಕೊಟ್ಟ ಆ ಒಂದು ಗುಳಿಗೆ ದಯೆಯಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಅವಳನ್ನು ಹಾಗೆ ಮಾಡಿದವರು ನಾವೇ.

ಅವನು ಗುಳಿಗೆಯತ್ತ ನೋಡಿದ. ಕೈ ಒಂದು ಗೇಣು ಮೇಲೆದ್ದಿತು. ಅಷ್ಟರಲ್ಲಿ ವ್ಯಾನಿನೊಳಗೆ ಯಾರೋ ಸೀನಿದರು, ಕೈ ಜೇಬಿಗೆ ಹೋಯಿತು. ಅವನು ಬಂದು ಸ್ಟೀರಿಂಗ್ ಹಿಡಿಯುವ ಹೊತ್ತಿಗೆ ಸಿಬಿಯಾರ ಕೋಳಿಯೊಂದು ಕಂಬಕ್ಕೆ ಹಾರಿ, ತಲೆ ಓರೆ ಮಾಡಿ ನೋಡಿ, ಗುಳಿಗೆಯನ್ನು ಕುಕ್ಕಿ ನುಂಗಿತು. ಅದನ್ನು ನಾನೂ ನೋಡಿದೆ, ಅವನೂ ಕನ್ನಡಿಯಲ್ಲಿ ನೋಡಿದ. ನಮ್ಮನ್ನು ಆಸ್ಪತ್ರೆ ಬಾಗಿಲಲ್ಲಿ ಇಳಿಸಿ, ತಾನು ಇಳಿಯದೆ, ಕಿಟಕಿ ಏರಿಸಿಕೊಂಡು ಕೂತ.

ಜೋಳ ಕೊಯ್ಲಿಗೆ ಬರುವ ಮೊದಲೇ ನನ್ನ ತಮ್ಮ ಸತ್ತ. ಕೊನೆಗೆ ಮಗುವಿನಷ್ಟು ಹಗುರಾಗಿದ್ದ, ನಾನೊಬ್ಬಳೇ ಎತ್ತಿ ಮಲಗಿಸುತ್ತಿದ್ದೆ. ಪ್ರಜ್ಞೆ ತಪ್ಪಿದ ಮೇಲೆ ದೊಡ್ಡಾಸ್ಪತ್ರೆಗೆ ಹೊತ್ತೊಯ್ದರೆ, ತುಂಬಾ ತಡವಾಯಿತು ಎಂದರು. ಶವದ ಮುಂದೆ ದೊಡ್ಡಪ್ಪ ಎದ್ದು ನಿಂತು, ಎದೆಗೆ ಶೀತ ಕಟ್ಟಿ ಹೋದ ಎಂದು ಸಾರಿದರು. ಸಿಬಿಯಾರ ಮಗಳು ಮಾಟ ಮಾಡಿಸಿದಳು ಎಂದಳು ಅಮ್ಮ. ಮಾಟ ಮಾಡಿಸಿದವಳನ್ನೇ ಕರೆಸಿ, ತೆರದ ದನ ವಾಪಸಾಗಿಲ್ಲ, ಹಾಗಾಗಿ ನೀನೇ ಹೆಂಡತಿ ಎಂದು ಒಂದು ವರ್ಷ ಉಡಬೇಕಾದ ವಿಧವೆಯ ಕರಿ ಬಟ್ಟೆಯನ್ನು ಅವಳ ಮೇಲೆಸೆದಳು. ಮಾಸಿಬಿಯಾ ಉಟ್ಟುಕೊಂಡಳು.

ವ್ಯಾನನ್ನು ಕೊಂಡವನು ಪಕ್ಕದ ಊರಿನ ಮಂಡ್ಲಾ. ಮೊದಲು ಪ್ರಯಾಣಿಕನಾಗಿ ಅದೇ ವ್ಯಾನಿನಲ್ಲಿ ಕೂತು ಫಲಾಖೆಯ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು. ಮುಂದಿನ ಆಸ್ಪತ್ರೆಯ ದಿನ ವಾಪಸು ಬರುವಾಗ ಮಾಸಿಬಿಯಾ ಹಿಂದಿನ ಸೀಟಿನ ಮೂಲೆಯಲ್ಲಿ ಕೂತಿದ್ದಳು. ಕರಿ ಬಟ್ಟೆಯವರ ಜಾಗ ಅದೇ. ಅವರು ದನಿ ಎತ್ತಿ ಮಾತಾಡುವಂತಿಲ್ಲ, ಪಿಸುಗುಟ್ಟಬೇಕು. ಹೊಳೆಯ ಇಳಿಜಾರಿನ ಗುಂಡಿಗೆ ವ್ಯಾನು ಬಿತ್ತು. ಅವಳ ಚೀಲ ಗಿಲಗಿಲ ಎಂದಿತು.

ಮಂಡ್ಲಾ ರೇಡಿಯೋ ತಗ್ಗಿಸಿ, ಕನ್ನಡಿ ಸರಿಮಾಡಿಕೊಂಡ.

“ಯಾರ್ ಮಗೂದು ಗಿಲಕಿ ಅದು?”

ಗಂಡಸರಿಬ್ಬರು ನಕ್ಕರು. ಹೆಂಗಸರು ಕಿಟಕಿಗೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು, ಪಿಸುಮಾತಲ್ಲ, ಗೇಟಿನ ಹೊರಗೆ ನಿಂತು ಕೂಗುವ ದನಿ.

“ನೀನ್ ಕೂತಿರೋ ಸೀಟಿನಲ್ಲಿ ಮುಂಚೆ ಕೂತಿದ್ರಲ್ಲ, ನನ್ ಗಂಡ, ಅವ್ರದು! ನಂದಲ್ಲ ಅಂತ ಬಿಟ್ಟು ಹೋದ್ರು!”

ಮಂಡ್ಲಾ ರೇಡಿಯೋ ಏರಿಸಲು ಕೈ ಚಾಚಿದವನು ಏರಿಸದೆ ಸುಮ್ಮನೆ ಗೇರು ಬದಲಿಸಿದ. ನನ್ನ ತಮ್ಮ ಆ ಒಂದು ಮಾತು ಆಡಿದ್ದರೆ ಇವತ್ತು ಆ ಗೇರು ಅವನ ಕೈಯಲ್ಲೇ ಇರುತ್ತಿತ್ತು. ನನ್ನ ಪಕ್ಕದ ಹೆಂಗಸು ಮಾತ್ರ ಚೀಲದೊಳಗೆ ಕೈ ಹಾಕಿ ತನ್ನ ಡಬ್ಬಿಯ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡಳು.